ಒಂಬತ್ತು ಅಕ್ಷರ

ಮೊದಲು ಕಿವಿ, ಉಮೈರಾ. ಕಣ್ಣು ಆಮೇಲೆ.
ಉಗುರಿನ ಗೀರಿಗೆ ಉಗುರು ಕೊಟ್ಟು
ಅಲಗನ್ನು ಮೆಲ್ಲಗೆ ಎತ್ತು.
ಅರ್ಧದಲ್ಲಿ ಒಮ್ಮೆ ನಿಲ್ಲಬೇಕು,
ಹೊಸ್ತಿಲಲ್ಲಿ ಚಪ್ಪಲಿ ಬಿಡುವವರ ಹಾಗೆ.
ಆಮೇಲೆ ಟಕ್.
ಹೊರಗೆ ಈಸಾ ಟೌನಿನ ಸಂತೆಯೆಲ್ಲ ಅರಚುತ್ತಿದ್ದರೂ
ಆ ಟಕ್ ನಿನಗೆ ಕೇಳಿಸಬೇಕು.
ಕೇಳಿಸದಿದ್ದರೆ ಸ್ಪ್ರಿಂಗು ಸೋತಿದೆ;
ಮಾರುವವನ ಮುಖ ನೋಡದೆ ಕೆಳಗಿಡು.

ಈಗ ಬೆನ್ನು.
ಬಿಚ್ಚಿದಾಗ, ಅರ್ಧದಲ್ಲಿ, ಮುಚ್ಚಿದಾಗ,
ಮೂರು ಸಲವೂ ಹೆಬ್ಬೆರಳು ಎಡವದೆ ಹೋಗಬೇಕು.
ಸ್ಪ್ರಿಂಗಿಗೂ ಹಿತ್ತಾಳೆಗೂ ನಡುವೆ
ಬೆಳಕು ತೂರಿದರೆ ಉಪ್ಪೂ ತೂರುತ್ತದೆ.
ಈ ಊರಿನ ಗಾಳಿ ಅರ್ಧ ಕಡಲು.
ಹೊಸ ಮಾಲು ಅಂತ ಬರುತ್ತವಲ್ಲ, ಪೆಟ್ಟಿಗೆಯಲ್ಲಿ,
ಕನ್ನಡಿಯ ಹಾಗೆ ಹೊಳೆಯುತ್ತ,
ಅವುಗಳಲ್ಲೇ ಬೆಳಕು ಹೆಚ್ಚು ತೂರುವುದು.
ಅರ ಹಾಕುವವನಿಗೆ ಆ ದಿನ
ಮನೆಗೆ ಹೋಗುವ ಅವಸರ ಇತ್ತು, ಅಷ್ಟೆ.

ಇದನ್ನೆಲ್ಲ ನನಗೆ ಕಲಿಸಿದ್ದು ಅಬ್ದುನ್ನಬಿ.
ಅವಾಲಿಯ ಎಣ್ಣೆ ಕಂಪನಿಯ ಸ್ಟೋರಿನಲ್ಲಿ
ದೊರೆಗಳ ಸಾಮಾನಿನ ಲೆಕ್ಕ ಬರೆದವರು.
ದೊರೆಗಳು ಹೊರಟಾಗ ಮೇಜಿನ ಖಾನೆಗಳಲ್ಲಿ
ಮರೆತುಹೋದ ಚೂರಿಗಳಿಂದ ಈ ಅಂಗಡಿ ಶುರು.
ನಾನಾಗ ಮನಾಮದ ಮಾರ್ಕೆಟ್ಟಿನಲ್ಲಿ
ಹಮೂರು ಮೀನಿನ ತಲೆ ಕಡಿಯುತ್ತಿದ್ದೆ,
ಗಂಗೊಳ್ಳಿಯಲ್ಲಿ ಅಂಜಲ್ ಕಡಿದು ಕಲಿತ ಕೈ.
'ನಿನಗೆ ಕಬ್ಬಿಣದ ಮಾತು ತಿಳಿಯುತ್ತದೆ' ಎಂದು ಕರೆದರು.
ಒಂದು ಕರಿ ಕೊಂಬಿನ ಹಿಡಿ ಕೈಗಿಟ್ಟು
'ಇದು ನಿಮ್ಮ ಕಡೆಯ ಎಮ್ಮೆ,
ಇಂಗ್ಲೆಂಡು ನೋಡಿ ಬಂದಿದೆ, ನೀನು ನೋಡಿಲ್ಲ'
ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಅಲಗಿನ ಬುಡ ನೋಡು, ಮುದ್ರೆ.
ನಾನು ಶಾಲೆ ಕಂಡವನಲ್ಲ.
ಇಂಗ್ಲಿಷಿನಲ್ಲಿ ನನಗೆ ಗೊತ್ತಿರುವುದು ಒಂದೇ ಪದ,
ಶೆಫೀಲ್ಡ್. ಅದನ್ನೂ ಓದುವುದಿಲ್ಲ, ಎಣಿಸುತ್ತೇನೆ.
ಒಂಬತ್ತು ಅಕ್ಷರ.
ನಡುವೆ ಬೀಗದ ಕೈಯಂಥವು ಎರಡು, ಅಕ್ಕಪಕ್ಕ.
ಒಂದೇ ಇದ್ದರೆ ಅದು ಎಲ್ಲಿಯದೋ, ಯಾರದೋ.

ಬೂದು ಬಣ್ಣಕ್ಕೆ ಹೆದರಬೇಡ.
ಲಿಂಬೆ ಕೊಯ್ದು ಕೊಯ್ದು ನೀಲಿಗಟ್ಟಿದ ಉಕ್ಕು
ಬದುಕಿರುವ ಉಕ್ಕು.
ಕೆಂಪು ತುಕ್ಕಿಗೆ ಹೆದರು.
ಕುರಿಗಾಲು ಎನ್ನುತ್ತೇವಲ್ಲ, ಆ ನೇರ ಅಲಗು
ಮಸೆದು ಮಸೆದು ಕೊಕ್ಕರೆಗಾಲಾಗಿದ್ದರೆ
ಬೆಲೆ ಅರ್ಧ, ಮರ್ಯಾದೆ ಪೂರ್ತಿ.

ಹೋದ ಶುಕ್ರವಾರ ನೀನು ಚಹಾ ತರಲು ಹೋಗಿದ್ದೆ.
ಮುಹರಖ್ ಕಡೆಯ ಮುದುಕಿ,
ಕರವಸ್ತ್ರದ ಗಂಟು ಬಿಚ್ಚಿ ಒಂದು ಚೂರಿ ಇಟ್ಟಳು.
ಮಾರಲಿಕ್ಕಲ್ಲ, ಎಂದಳು.
ಗಂಡ ಮೂವತ್ತೆಂಟು ವರ್ಷ, ಊಟವಾದ ಮೇಲೆ,
ಒಂದೇ ಸುರುಳಿಯಾಗಿ ಕಿತ್ತಳೆ ಸುಲಿದು
ಅರ್ಧ ಅವಳ ತಟ್ಟೆಗೆ ಹಾಕುತ್ತಿದ್ದನಂತೆ,
'ಅಸಲಿ ಇಂಗ್ಲಿಷ್' ಎಂದು ದಿನವೂ ಹೇಳುತ್ತಿದ್ದನಂತೆ.
ಮಕ್ಕಳು ನಗುತ್ತಾರೆ. ನೀನು ಬಲ್ಲವನು. ಹೇಳು.

ಕಿವಿಗೆ ಹಿಡಿದೆ. ಟಕ್ ಇಲ್ಲ.
ಬೆನ್ನಿನ ಮೇಲೆ ಬೆರಳು ಎರಡು ಸಲ ಎಡವಿತು.
ಹಿಡಿ ಕೊಂಬಲ್ಲ, ಪ್ಲಾಸ್ಟಿಕ್ಕು,
ಹೆಬ್ಬೆರಳು ಕೂರುವಲ್ಲಿ ಮಾತ್ರ ತೆಳ್ಳಗೆ ಸವೆದದ್ದು.
ಬುಡಕ್ಕೆ ಎಣ್ಣೆ ಹಚ್ಚಿ ಒರೆಸಿ ಎಣಿಸಿದೆ.
ಎಂಟು.
ಕನ್ನಡಕ ಒರೆಸಿ ಮತ್ತೆ ಎಣಿಸಿದೆ.
ಎಂಟು. ಬೀಗದ ಕೈ ಒಂದೇ.

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.
ರಿವೆಟ್ಟಿಗೆ ಎರಡು ಏಟು ಕೊಟ್ಟೆ,
ಅಲುಗಾಟ ನಿಂತಿತು.
ಸಾಣೆ ಹಿಡಿದೆ; ಮೆತ್ತನೆ ಉಕ್ಕು, ಆದರೂ ಬಾಯಿ ಬಂತು.
ಅವಳ ಚೀಲದಲ್ಲಿ ಕಿತ್ತಳೆ ಇತ್ತು. ಒಂದನ್ನು ಸುಲಿದು ನೋಡಿದೆ.
ನನ್ನ ಸುರುಳಿ ಎರಡು ಕಡೆ ತುಂಡಾಯಿತು.

'ಅಮ್ಮಾ, ನನಗೆ ಓದಲು ಬಾರದು' ಎಂದೆ.
ಅದು ನಿಜವೂ ಹೌದು.
ಐನೂರು ಫಿಲ್ಸ್ ಕೊಟ್ಟಳು. ಬೇಡವೆನ್ನಲಿಲ್ಲ,
ಸಾಣೆಯ ಲೆಕ್ಕಕ್ಕೆ ಬರೆದುಕೊಂಡೆ.
ಅಬ್ದುನ್ನಬಿ ಇದ್ದಿದ್ದರೆ ಏನೆನ್ನುತ್ತಿದ್ದರೋ.

ಚಹಾ ಆರುತ್ತಿದೆ, ಕುಡಿ.
ಹಿಡಿ, ಇನ್ನು ಇದನ್ನು ತೆಗೆದುಕೋ.
ಕಣ್ಣು ಮುಚ್ಚು.
ಬಿಚ್ಚು.