ಎರಡನೇ ಸುತ್ತು

ಕ್ಲಾಕ್ಸ್‌ವೀಕ್ ಬಂದರಿನ ಹಳೇ ಐಸ್ ಕಾರ್ಖಾನೆಯ ಮಾಳಿಗೆ.
ಹೀಟರ್ ಒಂದು, ಕುರ್ಚಿ ಎರಡು,
ಗಡಿಯಾರ ಮಾತ್ರ ನನ್ನ ಕಡೆ ಮುಖ ಮಾಡಿ.
ನೂರು ಪದ ಓದುತ್ತೇನೆ,
ಒಂದೊಂದಕ್ಕೂ ನಾಲಿಗೆಗೆ ಮೊದಲು ಬಂದದ್ದು ಹೇಳಿ,
ಯೋಚಿಸಬಾರದು, ಎಂದೆ.
ಹಾನುಸ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ:
‘ಎಪ್ಪತ್ತೊಂದು ವರ್ಷ ಅದನ್ನೇ ಮಾಡಿ ಬೈಸಿಕೊಂಡಿದ್ದೇನೆ.’

ಹಗ್ಗ, ಎಂದೆ. ಚಳಿ, ಎಂದ.
ಚಾಕು. ಆಲೂಗಡ್ಡೆ.
ಕುರಿ. ಮೈದುನ.
ಯಾಕೆಂದು ಕೇಳುವಂತಿಲ್ಲ, ನಗುವಂತಿಲ್ಲ.
ಉಪ್ಪು. ಉಪ್ಪು.
ಕೊಟ್ಟ ಪದವನ್ನೇ ತಿರುಗಿ ಕೊಟ್ಟರೆ ಲೆಕ್ಕಕ್ಕಿಲ್ಲ,
ಅಡ್ಡಗೆರೆ ಎಳೆದೆ.

ಮೂರು ವಾರ ಬಿಟ್ಟು ಅದೇ ಕುರ್ಚಿ, ಅದೇ ನೂರು,
ಇಸ್ಪೀಟಿನ ಹಾಗೆ ಕಲಸಿದ್ದೆ, ಅಷ್ಟೆ.
ಹಗ್ಗ. ಹೋಗ್ನಿ.
ಅದು ಒಬ್ಬನ ಹೆಸರು. ಬರೆದುಕೊಂಡೆ.
ಚಾಕು. ಬಾಗಿಲು.
ಕುರಿ. ‘ಇವತ್ತು ಕುರಿಯೇ ಇಲ್ಲ.’
ಕಿಟಕಿ ಎಂದದ್ದಕ್ಕೆ ಡೇನಿಷ್‌ನಲ್ಲಿ ಏನೋ ಅಂದು
ತಾನೇ ಬೆಚ್ಚಿದ: ‘ಇಸ್ಕೂಲಿನ ಮೇಷ್ಟ್ರು ಬಂದು ಹೋದರು.’

ಸಂಜೆ ತಾಳೆ ಹಾಕಿದೆ. ನೂರರಲ್ಲಿ ಮೂವತ್ತೆಂಟು.
ಟೋರ್ಸ್‌ಹಾವ್ನ್‌ನಿಂದ ಬೈಂಟಾ ಫೋನಿನಲ್ಲಿ:
‘ನಂಬುವ ಹಾಗಿಲ್ಲ. ಆ ಸಾಲು ಕೈಬಿಡು.’
ನಲವತ್ತು ವರ್ಷ ಅವನು ಹಾಕಿದ ಗಂಟು ನಂಬಿ
ಆರು ಜನ ಐಸ್‌ಲ್ಯಾಂಡಿನ ಆಚೆ ಹೋಗಿ ಬಂದಿದ್ದಾರೆ.
ಹೇಳಲಿಲ್ಲ. ಬೈಂಟಾ ಕೇಳಿದ್ದು ಗಂಟಲ್ಲ.

ಆ ರಾತ್ರಿ ಪಟ್ಟಿಯನ್ನು ನನಗೇ ಓದಿಕೊಂಡೆ,
ಬೆಳಿಗ್ಗೆ ಕಾಫಿಗೆ ಮುಂಚೆ ಇನ್ನೊಮ್ಮೆ.
ದೋಣಿಗೆ ಬಾಡಿಗೆ ಎಂದಿದ್ದವಳು
ಎದ್ದು ಅಪ್ಪ ಎಂದೆ.
ಒಟ್ಟು ನಲವತ್ತೊಂದು.
ಅವನಿಗಿಂತ ಮೂರು ಪದದಷ್ಟು ನಂಬಿಕಸ್ಥೆ ನಾನು.

ಇಸ್ತ್ರಿ ಅಂಗಡಿಯ ಎದುರು ಸಿಕ್ಕ.
‘ಮರ್ಯುನ್, ಪಾಸೋ ಫೇಲೋ?’
ಫಲಿತಾಂಶ ಹೇಳುವಂತಿಲ್ಲ ಎಂದೆ.
ಅವನು ಗಾಳಿಗೆ ಬೆನ್ನು ಕೊಟ್ಟು:
‘ನೀರಿನ ಆಳ ನೋಡಲು ಸೀಸದ ಗುಂಡು ಬಿಡುತ್ತಿದ್ದೆವು.
ಮೊದಲ ಸಲ ಹದಿನೆಂಟು ಮಾರು, ಎರಡನೇ ಸಲ ಮೂವತ್ತು.
ಗುಂಡನ್ನು ಯಾರೂ ಬೈಯಲಿಲ್ಲ.’
ಮತ್ತೆ ತುಸು ತಡೆದು,
‘ದೋಣಿ ಸರಿದಿರುತ್ತಿತ್ತು. ಕೆಲವೊಮ್ಮೆ
ಎಣಿಸುವವನು ಕುಡಿದಿರುತ್ತಿದ್ದ.’

ಸಾಲು ಇನ್ನೂ ಅಳಿಸಿಲ್ಲ.
ನಡುವೆ ಎರಡು ಅಡ್ಡಗೆರೆ, ಉಪ್ಪಿನ ಎದುರು.
ಎರಡೂ ಸಲ ಒಂದೇ ಪದ,
ನೂರರಲ್ಲೆಲ್ಲ ಬೇಗ ಬಂದದ್ದು ಅದೇ,
ನಾನು ಬಾಯಿ ಮುಚ್ಚುವ ಮುಂಚೆ.