ಬೆಳಗಿನ ಪಾಳಿಯ ಗೋಲು

ಶಿಡ್ಲಘಟ್ಟ. ಐದೂವರೆ.
ಬಾಯ್ಲರಿಗೆ ಹುಣಸೆ ಸೌದೆ ಒಡ್ಡುವವನು ನಾನು.
ಬೇಸಿನ್ನುಗಳಲ್ಲಿ ಗೂಡು ಬೇಯುತ್ತಿವೆ,
ಹುಳದ ವಾಸನೆ ಅಂಗಿಗೆ, ಅನ್ನಕ್ಕೆ, ಕನಸಿಗೆ.
ಅಮಾನುಲ್ಲಾ ಸಾಬರ ತಾರಸಿಯ ಹಳೇ ಡಿಶ್ಶು
ಕೋತಿ ಅಲುಗಿಸಿದ ದಿನದಿಂದ
ಯಾವ ಆಕಾಶಕ್ಕೆ ಮುಖ ಮಾಡಿದೆಯೋ,
ಟೀವಿಯಲ್ಲಿ ಒಂದೇ ಚಾನೆಲ್ಲು, ಒಂದೇ ಆಟ, ಕಾಲ್ಚೆಂಡು.
ಭಾಷೆ ಮಾತ್ರ ನಮ್ಮಲ್ಲಿ ಯಾರದ್ದೂ ಅಲ್ಲ.

ನಮ್ಮಲ್ಲಿ ಭಾಷೆಗೇನು ಬರವೇ?
ಸಾಬರ ಬೈಗುಳ ಉರ್ದು, ಲೆಕ್ಕ ಕನ್ನಡ,
ಗಂಗರತ್ನಮ್ಮ ಅಳುವುದು ತೆಲುಗಲ್ಲಿ.
'ಇದು ಸ್ಪ್ಯಾನಿಷ್ಷು' ಅಂದ ಸಾಬರ ಮಗ, ಮೊಬೈಲು ನೋಡಿ.
'ಗಡಿ ದಾಟಿ ದುಡಿಯೋಕೆ ಹೋದ ಜನ ಇದಾರಲ್ಲ ಅಮೆರಿಕದಲ್ಲಿ,
ಅವರ ಮಾತಲ್ಲಿ, ಅವರಿಗೋಸ್ಕರ ನಡೆಸೋ ಚಾನೆಲ್ಲು.'
ಅಂದರೆ ಅವರಿಗೆ ಸಂಜೆ ಪಾಳಿ.
ನಮಗೆ ಬೆಳಗಿನದು.

ಪಿಳ್ಳಪ್ಪ ಬರುತ್ತಾನೆ, ಟೀಗಿಂತ ಮುಂಚೆ.
ಇಪ್ಪತ್ತೆರಡು ವರ್ಷ
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿದವನು.
ಈಗ ಹರಾಜು ಮೊಬೈಲಿನೊಳಗೆ, ಸದ್ದಿಲ್ಲದೆ,
ಬೆರಳು ಒತ್ತಿದರೆ ಲಾಟು ಮುಗಿಯಿತು.
ಗಂಟಲು ಅವನ ಹತ್ತಿರವೇ ಉಳಿಯಿತು,
ತೂತು ಬಿದ್ದ ಗೂಡು, ಯಾರೂ ದರ ಕೇಳದ್ದು.

ಗೋಲಾದಾಗ ಆ ಕಮೆಂಟರಿಯವನು ಕೂಗುತ್ತಾನಲ್ಲ,
ಪಿಳ್ಳಪ್ಪ ಬೆರಳು ಮಡಚುತ್ತಾನೆ,
ಹತ್ತು, ಹದಿನೈದು, ಇಪ್ಪತ್ತು,
'ನೋಡ್ರೋ, ಒಂದೇ ಉಸ್ರು! ಎಳೆ ಕಡೀಲಿಲ್ಲ!'
ಮುಬೀನಾ ನಗುತ್ತಾಳೆ,
ಬಿಸಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತ:
'ಚಾಚಾ, ನನ್ನ ಗೂಡು ಸಾವಿರ ಗಜ ಬಿಚ್ಚುತ್ತೆ,
ಅವನು ಬಿಚ್ಚಲಿ ನೋಡೋಣ.'

ಅರ್ಧ ಆಟಕ್ಕೆ ಜಾಹೀರಾತು.
ಹೋಟೆಲಿನ ಏಪ್ರನ್ನು ಬಿಚ್ಚದ ಗಂಡಸೊಬ್ಬ
ಕೌಂಟರಿನಲ್ಲಿ ನೋಟು ಎಣಿಸಿ ಕೊಡುತ್ತಾನೆ.
ಮರುಕ್ಷಣ, ಕೋಳಿ ಓಡಾಡುವ ಯಾವುದೋ ಅಂಗಳದಲ್ಲಿ
ಹೆಂಗಸೊಬ್ಬಳು ಫೋನನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.
ಇದಕ್ಕೆ ಯಾರೂ ಅರ್ಥ ಕೇಳಲಿಲ್ಲ.
ಮುಬೀನಾಳ ಅಣ್ಣ ದಮ್ಮಾಮಿನಲ್ಲಿ ಏಸಿ ತೊಳೆಯುತ್ತಾನೆ.
ಅವಳ ಎಳೆ ಅಲ್ಲೇ ಕಡಿಯಿತು,
ಗಂಟು ಹಾಕಿದಳು, ತಲೆ ಎತ್ತಲಿಲ್ಲ.

ಮೊನ್ನೆ ಚಿತ್ರ ಹೋಯಿತು.
ಪರದೆ ತುಂಬ ಬೂದಿ ಉದುರಿದಂತೆ. ದನಿ ಮಾತ್ರ ಇತ್ತು.
ಆರಿಸಿ ಅಂದರು ಸಾಬರು.
ಇರಲಿ ಅಂದ ಪಿಳ್ಳಪ್ಪ,
ಟೀವಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ನಮ್ಮ ಕಡೆ ನಿಂತ:
'ಈಗ ನಿಧಾನ. ಚೆಂಡು ನಡುವೆ ಐತೆ,
ಸುಮ್ನೆ ದರ ಕೇಳಿ ಕೇಳಿ ಬಿಡ್ತಾವ್ರೆ.
ಈಗ ಎಡಕ್ಕೆ. ಯಾವನೋ ಹುಡುಗ, ಕಾಲು ಹಗುರ,
ಇಬ್ರು ಅಡ್ಡ ಬಂದ್ರು, ದಾಟ್ದ.
ಕೂಗೋನು ಉಸ್ರು ಕೂಡಿಡ್ತಾವ್ನೆ, ಕೇಳ್ರಿ,
ಒಂದು ಸಲ...
ಎರಡು ಸಲ...'
ಎಂಟು ಬೇಸಿನ್ನು. ಹದಿನಾರು ಕೈ ನೀರಲ್ಲೇ ನಿಂತವು.
ನಾನು ಸೌದೆ ಹಿಡಿದು ಒಲೆ ಮರೆತೆ.

ಮೂರನೇ ಸಲಕ್ಕೆ
ಎರಡು ಗಂಟಲು ಒಟ್ಟಿಗೆ ಬಿಚ್ಚಿಕೊಂಡವು,
ಒಂದು ಕಡಲಾಚೆಯದು, ಒಂದು ನಮ್ಮ ಮಾರ್ಕೆಟ್ಟಿನದು.
ನಾನು ಎಣಿಸಿದೆ.
ಪಿಳ್ಳಪ್ಪನದು ಎರಡೆಣಿಕೆ ಮೊದಲೇ ಕಡಿಯಿತು, ಕೆಮ್ಮು.
ಮುಬೀನಾ ಇವತ್ತಿಗೂ ಅವನದೇ ಉದ್ದ ಅನ್ನುತ್ತಾಳೆ.

ಗೋಲು ಯಾರದು, ಹಸಿರು ಅಂಗಿಯದೋ, ಬಿಳಿಯದೋ,
ತಿಳಿಯಲಿಲ್ಲ. ಪೇಪರಿನಲ್ಲಿ ಬರೀ ಕ್ರಿಕೆಟ್ಟು.
ಆವತ್ತು ನೂಲು ನೂರೈವತ್ತು ಗ್ರಾಂ ಕಮ್ಮಿ ಬಂತು.
ಸಾಬರು ತಕ್ಕಡಿಯೆದುರು ನಿಂತು ಉರ್ದುವಲ್ಲಿ ಬೈದರು,
ಎಲ್ಲರನ್ನೂ, ಕೋತಿಯನ್ನೂ.
ಆಮೇಲೆ ನನ್ನ ಒಲೆ ಹತ್ತಿರ ಬಂದು
ಕೈ ಕಾಯಿಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ:
'ಆ ಹುಡುಗ,
ಇಬ್ಬರನ್ನೂ ದಾಟಿದ್ದು ನಿಜವೇನೋ?'