ಅಚ್ಚು

ಜಿನನಾಥಪುರದ ಕೆರೆ ಏರಿಯ ಕೆಳಗೆ
ಅಂಗಾತ ಮಲಗಿದ ಕಲ್ಲು.
ನೀರು ಚಿಮುಕಿಸಿ, ಒದ್ದೆ ಕಾಗದ ಹೊದಿಸಿ
ಕುಂಚದಿಂದ ಮೆಲ್ಲಗೆ ಬಡಿಯುತ್ತೇನೆ,
ಜ್ವರದ ಹಣೆಗೆ ಬಟ್ಟೆ ಹಾಕಿದ ಹಾಗೆ.

ಉಬ್ಬಿಲ್ಲ ಇವಳಿಗೆ. ಬರೀ ಗೀರು.
ಮದನಿಕೆಯರಿಗೆ ಬಳಪದ ಕಲ್ಲು, ಬಳೆಯೊಳಗೂ ಬೆಳಕು;
ಕಂತಿಗೆ ಕಗ್ಗಲ್ಲು, ಒಂದೇ ಉಳಿ,
ಹೆಚ್ಚೆಂದರೆ ಒಂದು ಮಧ್ಯಾಹ್ನ.

ಎದುರಿಗೆ ಠವಣೆಕೋಲು, ಅದರ ಮೇಲೆ ಓಲೆ.
ಕಂಕುಳಲ್ಲಿ ನವಿಲುಗರಿಯ ಪಿಂಛಿ:
ಏಳು ಗೆರೆ; ಎಂಟನೆಯದು ಜಾರಿ
ಮೊಣಕೈ ದಾಟಿದೆ.
ಇರುವೆಗೂ ನೋಯದಂತೆ ಗುಡಿಸುವುದನ್ನು
ಕಬ್ಬಿಣದಲ್ಲಿ ಕೊರೆಯಬೇಕಿತ್ತಲ್ಲ, ಪಾಪ.

ಮಸಿಯುಂಡೆ ತಟ್ಟುತ್ತೇನೆ.
ಕಲ್ಲೆಲ್ಲ ಕಪ್ಪು. ಉಳಿ ತೆಗೆದಲ್ಲಿ ಮಾತ್ರ ಅವಳು,
ಬಿಳಿ.

ಅನ್ನ ಬಿಟ್ಟಳು, ಆಮೇಲೆ ನೀರು.
ಅಷ್ಟು ಹೇಳಿದ ಶಾಸನ
ಹೆಸರಿನ ಹತ್ತಿರ ಚಕ್ಕೆ ಎದ್ದಿದೆ:
‘...ಮತಿ ಕಂತಿಯರ ನಿಸಿಧಿ.’

ಇಷ್ಟು ವರ್ಷ ಇದರ ಮೇಲೆ ಬಟ್ಟೆ ಒಗೆದ ಧರಣಮ್ಮ
ಕಾಗದ ಒಣಗುವುದನ್ನೇ ನೋಡುತ್ತಿದ್ದು ಕೇಳಿದರು:
ಮುಖ ಎಲ್ಲಿ?

ತೋರಿಸಿದೆ. ಅಂಗೈಯಗಲದ ಕಪ್ಪು, ಗೆರೆಯೇ ಇಲ್ಲ.
ಕೊರೆದಿರಲಿಲ್ಲವೋ, ಸೋಪು ತಿಂದಿತೋ.

‘ನಂದೇ ಇರ್ಬೇಕು’ ಎಂದವರು
ಬಕೆಟ್ಟಿನಲ್ಲಿ ಉಳಿದ ನೀರನ್ನು
ಕಲ್ಲು ತಪ್ಪಿಸಿ
ಪಕ್ಕಕ್ಕೆ ಚೆಲ್ಲಿದರು.